ರೊಟ್ಟಿಯ ವಿಳಾಸದಲ್ಲಿ ಇಸ್ಪೀಟು

ತಪ್ಪು ಮಾಡಿದವನಿಗೆ ಈ ಲೋಕದಲ್ಲಿ ದೊಡ್ಡ ಆಸರೆಯೆಂದರೆ ಅವನಿಗಿಂತ ದೊಡ್ಡ ತಪ್ಪಿತಸ್ಥ. ನನಗೂ ಒಬ್ಬ ಸಿಕ್ಕಿದ್ದ. ಅವನ ಬೆನ್ನಹಿಂದೆ ಅಡಗಿ ಮೂರು ವಾರ ಹಾಯಾಗಿದ್ದೆ. ಈಗ ನೆನೆದರೆ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ.

ನಾನು ಶಹಾಪುರದಲ್ಲಿ ವಿಜ್ಞಾನದ ಮೇಷ್ಟ್ರು. ಶಾಲೆಯ ಕಂಪ್ಯೂಟರನ್ನು ಆನ್ ಮಾಡಲು ಬರುತ್ತದೆಂಬ ಒಂದೇ ಕಾರಣಕ್ಕೆ ಆ ವಿಷಯದಲ್ಲಿ ಪಂಡಿತನೆನಿಸಿಕೊಂಡವನು. ಕೆಂಭಾವಿಯ ಶರಣಮ್ಮ ಎಂಬವರು ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿ ಖಡಕ್ ರೊಟ್ಟಿ ಮಾರುವ ಸಂಘ ಕಟ್ಟಿದ್ದಾರೆ. ಅದಕ್ಕೊಂದು ವೆಬ್‌ಸೈಟ್ ಮಾಡಿಕೊಟ್ಟೆ. ಅಂತರ್ಜಾಲದಲ್ಲಿ ಅದರ ಹೆಸರು, ಅಂದರೆ ವಿಳಾಸ, ನೋಂದಾಯಿಸುವಾಗ ‘ಮಾಲೀಕರು ಯಾರು?’ ಎಂಬ ಪ್ರಶ್ನೆ ಬಂತು. ಸಂಘದ ಹೆಸರು ಹಾಕಬೇಕಿತ್ತು. ಯಾರಾದರೂ ಹುಡುಕಿದರೆ ನಾನು ಕಾಣಲಿ ಎಂಬ ಸಣ್ಣ ಆಸೆಗೆ ನನ್ನದೇ ಹಾಕಿದೆ, ಶರಣಮ್ಮನಿಗೆ ಹೇಳಲಿಲ್ಲ. ಅವರು ಸಂಭ್ರಮದಿಂದ ಪ್ರತಿ ಪಾಕೀಟಿನ ಮೇಲೂ ಆ ವಿಳಾಸ ಅಚ್ಚು ಹಾಕಿಸಿದರು. ಸುರಪುರದಿಂದ, ಯಾದಗಿರಿಯಿಂದ, ಕಡೇಚೂರಿನ ಕಾರ್ಖಾನೆಗಳ ಕಡೆಯಿಂದಲೂ ಆರ್ಡರು ಬರತೊಡಗಿದವು.

ವೆಬ್‌ಸೈಟಿನ ಇಂಥ ಹೆಸರು ಸ್ವಂತದ್ದಲ್ಲ, ಬಾಡಿಗೆಯದು. ವರ್ಷಕ್ಕೊಮ್ಮೆ ನವೀಕರಿಸದಿದ್ದರೆ ಯಾರು ಬೇಕಾದರೂ ಕೊಳ್ಳಬಹುದು. ಇದು ನನಗೆ ಗೊತ್ತಿತ್ತು. ಆದರೂ ‘ಅವಧಿ ಮುಗಿಯಲಿದೆ’ ಎಂದು ಇಂಗ್ಲಿಷಿನಲ್ಲಿ ಇಮೇಲ್ ಬಂದಾಗ ಯಾರೋ ಠಕ್ಕರ ಕೆಲಸವೆಂದುಕೊಂಡೆ. ಎರಡನೆಯದನ್ನು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿ, “ಹಿಂಗ ಅಂಜಿಸ್ತಾರ ನೋಡ್ರಿ ಕಳ್ಳರು” ಎಂದು ಎಲ್ಲರಿಗೂ ಬುದ್ಧಿ ಹೇಳಿ ಅಳಿಸಿದೆ. ಸಹೋದ್ಯೋಗಿಗಳು ತಲೆದೂಗಿದರು. ಮೂರನೆಯದನ್ನು ತೆರೆಯಲೂ ಇಲ್ಲ.

ಒಂದು ಬೆಳಿಗ್ಗೆ ಶರಣಮ್ಮನ ಫೋನು ಬಂತು. “ಸರ್, ನಮ್ಮ ಪಾಕೀಟಿನ ಮ್ಯಾಲಿನ ವಿಳಾಸ ತೆಗೆದ್ರ ಇಸ್ಪೀಟ್ ಎಲಿ ಬರಾಕತ್ತಾವಂತ್ರಿ. ಅಂದರ್-ಬಾಹರ್ ಆಡ್ರಿ ಅಂತ ಕರೀತದಂತ. ಬೀಗರು ನೋಡಿ ನಮ್ಮ ಮಾವಗ ಹೇಳ್ಯಾರ. ‘ರೊಟ್ಟಿ ಹೆಸರ್ಲೆ ಜೂಜಿನ ಅಡ್ಡಾ ನಡಸ್ತೀ ಏನು? ಇನ್ನ ಹೊಸ್ತಿಲಾ ದಾಟಬ್ಯಾಡ’ ಅಂದಾರ್ರಿ.”

ಅವಧಿ ಮುಗಿದ ಹೆಸರನ್ನು ಯಾರೋ ಜೂಜಿನವರು ಕೊಂಡುಬಿಟ್ಟಿದ್ದರು. ನಾನು ಕೆಂಡವಾದೆ. ಹೆಸರು ಮಾರಿದ ಕಂಪನಿಗೆ ಫೋನಿಸಿದರೆ, ನಾವು ಬರೀ ಮಾರುವವರು, ಹೆಸರುಗಳ ಪಟ್ಟಿ ಇಡುವವರು ಬೇರೆ ಎಂದರು. ಪಟ್ಟಿ ಇಡುವವರು, ಮಾರಿದವರನ್ನೇ ಕೇಳಿ ಎಂದರು. ನಿಯಮ ಮಾಡುವವರು ಸಮುದ್ರದಾಚೆ ಎಲ್ಲೋ ಸಭೆ ಸೇರುತ್ತಾರಂತೆ. ಸಂತೆಯಲ್ಲಿ ಹುಳುಕು ಬೇಳೆ ಕೊಟ್ಟವನನ್ನು ಮುಂದಿನ ವಾರ ಹೋಗಿ ಜಗ್ಗಿ ಕೇಳಬಹುದು; ಇಲ್ಲಿ ಜಗ್ಗಲು ಅಂಗಿಯೇ ಇಲ್ಲ. ಆ ಸಿಟ್ಟು ಸುಳ್ಳಲ್ಲ. ಆದರೆ ಅಳಿಸಿದ ಪತ್ರಗಳ ಸುದ್ದಿ ಏಳದಿರಲೆಂದು ಅದನ್ನು ತುಸು ಜೋರಾಗಿಯೇ ಮೆರೆಸಿದೆ. ಅತ್ತ ಸಂಘದ ಒಲೆಗಳು ಆರಿದ್ದವು.

ಕೊನೆಗೆ ಗ್ರಾಹಕರ ಆಯೋಗಕ್ಕೆ ಖಾರವಾದ ದೂರು ಬರೆದುಕೊಂಡು ಶರಣಮ್ಮನ ಮನೆಗೇ ಹೋದೆ. ಮಾವ ಸಂತೆಗೆ ಹೋಗಿದ್ದರು. ಶರಣಮ್ಮ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು. “ಹೆಸರು ನಮ್ಮ ಸಂಘದ್ದಲ್ರಿ? ಮತ್ತ ನಮಗ ಯಾಕ ತಿಳಸ್ಲಿಲ್ಲ ಅವ್ರು?”

“ನನ್ನ ಹೆಸರ್ಲೆ ಇತ್ರಿ. ನನಗ ಮೂರು ಸಲ ತಿಳಿಸಿದ್ರು.”

ಅವರು ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಚಹಾ ತಂದಿಟ್ಟು, “ಕಂಪನಿದು ಆಮ್ಯಾಲ ಬರೀರಿ. ಮೊದಲ ನಮ್ಮ ಮಾವಗ ಒಂದು ಚೀಟಿ ಬರೀರಿ, ಇದು ಹ್ಯಾಂಗ ಆತಂತ” ಎಂದರು.

‘ಕೆಲವು ತಾಂತ್ರಿಕ ಕಾರಣಗಳಿಂದ’ ಎಂದು ಶುರು ಮಾಡಿದೆ. ಶರಣಮ್ಮ ಬಗ್ಗಿ ಓದಿದರು.

“ತಾಂತ್ರಿಕ ಕಾರಣ ಅಂದ್ರ ಯಾರ್ರಿ, ಸರ್?”

ಅದನ್ನು ಹೊಡೆದುಹಾಕಿ ನನ್ನ ಹೆಸರು ಬರೆದೆ. ಕೆಳಗೆ ಸಹಿಯನ್ನೂ ಹಾಕಿಸಿಕೊಂಡರು. ಮಾವನವರು ಅದನ್ನು ಎರಡು ಸಲ ಓದಿ ಸೊಸೆಗೆ ದಾರಿ ಬಿಟ್ಟರಂತೆ. ಚೀಟಿಯ ಝೆರಾಕ್ಸು ಈಗ ಸಂಘದ ಬಾಗಿಲಿಗೆ ಅಂಟಿದೆ, ಹೋಗಿಬರುವವರೆಲ್ಲ ಓದಲೆಂದು. ಹೊಸ್ತಿಲು ದಾಟಲಾಗದೆ ಕೂತಿರುವವನು ಈಗ ನಾನು. ಕೆಂಭಾವಿಯ ಕಡೆ ಮುಖ ಹಾಕಿ ತಿಂಗಳಾಯಿತು.