ಮೊಟ್ಟೆ ಕಂಡು ಹೆದರಿದವರು

ಪಶು ಆಸ್ಪತ್ರೆಯ ಡಾಕ್ಟರ್ ಅಂದಮೇಲೆ ಹಾಯುವ ಎಮ್ಮೆಗೆ, ಒದೆಯುವ ಹಸುವಿಗೆ ಹೆದರಬೇಕು ಅಂತ ಕೆಲಸಕ್ಕೆ ಸೇರುವಾಗ ಅಂದುಕೊಂಡಿದ್ದೆ. ಆದರೆ ಕಡೂರು, ತರೀಕೆರೆ, ಅಜ್ಜಂಪುರ ಸುತ್ತಿದ ಇಷ್ಟು ವರ್ಷಗಳಲ್ಲಿ ಜನ ಬೆವರೊರೆಸಿಕೊಂಡು ನನ್ನ ಹತ್ತಿರ ಓಡಿಬಂದದ್ದು ಕೋಳಿಮೊಟ್ಟೆಗೆ ಹೆದರಿ. ಈಗಲೂ ಬರುತ್ತಲೇ ಇದ್ದಾರೆ.

ಚಿಪ್ಪಿಲ್ಲದ ಮೊಟ್ಟೆ

ಅಜ್ಜಂಪುರದಲ್ಲಿದ್ದಾಗ ಶಿವನಿ ಕಡೆಯ ಅಜ್ಜಿಯೊಬ್ಬರು ಮೊರದಲ್ಲಿ ಬೇವಿನಸೊಪ್ಪು ಹಾಸಿ, ಮೇಲೊಂದು ಮೊಟ್ಟೆ ಇಟ್ಟು ತಂದರು. ಮೊರ ಬಾಗಿಲಲ್ಲೇ ಇಟ್ಟು ಹಿಂದೆ ಸರಿದರು.

"ಮುಟ್ಟಬ್ಯಾಡಿ ಸ್ವಾಮಿ, ಯಾರೋ ಮಾಟ ಮಾಡ್ಸವ್ರೆ. ಚಿಪ್ಪೇ ಇಲ್ಲ, ಬಲೂನ್ ಇದ್ದಂಗೈತೆ."

ನಾನು ಎತ್ತಿ ಅಂಗೈಲಿಟ್ಟುಕೊಂಡೆ. ಅಜ್ಜಿ ಕಣ್ಣು ಮುಚ್ಚಿಕೊಂಡರು.

"ಮಾಟ ಅಲ್ಲ ಕಣಜ್ಜಿ, ಕೋಳಿಗೆ ಸುಣ್ಣ ಸಾಲ್ತಿಲ್ಲ. ಚಿಪ್ಪಾಗೋದೇ ಸುಣ್ಣದಿಂದ."

ಅಜ್ಜಿಗೆ ಉಸಿರು ಬಂತು. ಸೊಂಟದ ಚೀಲ ಬಿಚ್ಚಿ ಸುಣ್ಣದ ಡಬ್ಬಿ ತೆಗೆದು ಕೇಳಿದರು: "ಬರೀ ಸುಣ್ಣನೋ, ಎಲೆ ಅಡಿಕೆನೂ ಹಾಕ್ಬೇಕೋ?"

ಎರಡು ಹಳದಿ

ತರೀಕೆರೆಯ ಟೈಲರ್ ಒಬ್ಬರು ಅಂಗಡಿ ಬಾಗಿಲು ಎಳೆದುಕೊಂಡು ಬಂದರು. ಹೆಂಡತಿಗೆ ಏಳು ತಿಂಗಳು. ಆಕೆಗೆ ಆಮ್ಲೆಟ್ ಮಾಡೋಣ ಅಂತ ಮೊಟ್ಟೆ ಒಡೆದರೆ ಒಳಗೆ ಎರಡು ಹಳದಿ.

"ಅದನ್ನ ತಿಂದ್ರೆ ಅವಳಿ ಹುಟ್ತವಂತೆ ಸಾರ್. ಹೆಂಡ್ತಿಗೆ ಮೊದಲೇ ರಕ್ತ ಕಮ್ಮಿ, ಎರಡು ಕೂಸು ತಡ್ಕೊಳ್ತಾಳಾ?"

"ಎಳೇ ಕೋಳಿ ಮೊದಮೊದಲು ಮೊಟ್ಟೆ ಇಡುವಾಗ ಹಿಂಗಾಗುತ್ತೆ ಕಣ್ರೀ. ಅದಕ್ಕೂ ಅವಳಿ ಹುಟ್ಟೋದಕ್ಕೂ ಸಂಬಂಧ ಇಲ್ಲ. ತಿಂದು ಎಷ್ಟು ದಿನ ಆಯ್ತು?"

"ಅವಳೆಲ್ಲಿ ತಿಂದ್ಲು? ನಾನು ಕೊಡ್ಲೇ ಇಲ್ಲ." ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನಾನೇ ತಿಂದ್ಬಿಟ್ಟೆ. ಗಂಡ ತಿಂದ್ರೂ ಲೆಕ್ಕಕ್ಕೆ ಬತ್ತದಾ?"

ಬಸ್ಸಿನ ಚೀಲ

ಒಮ್ಮೆ ತರೀಕೆರೆಯಿಂದ ಲಕ್ಕವಳ್ಳಿಗೆ ಬಸ್ಸಲ್ಲಿ ಹೋಗುತ್ತಿದ್ದೆ. ಹಿಂದಿನ ಸೀಟಿನಡಿ ಒಂದು ಬಟ್ಟೆ ಚೀಲ. ಬಸ್ಸು ಒಂದು ಸ್ಟಾಪಲ್ಲಿ ನಿಂತಾಗ ಅದರೊಳಗಿಂದ ಸಣ್ಣಗೆ ಟಕ್... ಟಕ್... ಆ ಸೀಟಲ್ಲಿ ಕೂತವನು ಬಗ್ಗಿ ಕಿವಿಗೊಟ್ಟು ಬಿಳಿಚಿಕೊಂಡ.

"ಚೀಲ ಯಾರ್ದ್ರೀ?" ಕಂಡಕ್ಟರ್ ಮೂರು ಸಲ ಕೂಗಿದ. ಯಾರೋ "ಬಾಂಬು!" ಅಂದದ್ದೇ ತಡ, ಕಿಟಕಿ ಬಾಗಿಲು ನೋಡದೆ ಎಲ್ಲರೂ ಇಳಿದು ಓಡಿದರು. ನಾನೂ ಓಡಿದೆ. ಓಡುವಾಗ ಹೆಂಡತಿ ಮಕ್ಕಳ ಮುಖ ಕಣ್ಣ ಮುಂದೆ ಬಂತು. ದೂರದ ಹುಣಸೆಮರದ ಹಿಂದೆ ಹೋಗಿ ನಿಂತೆ.

ಮುಂದಿನ ಸೀಟಲ್ಲಿ ನಿದ್ದೆ ಹೊಡೆಯುತ್ತಿದ್ದ ಹೆಂಗಸೊಬ್ಬರು ಖಾಲಿ ಬಸ್ಸಲ್ಲಿ ಎದ್ದು ಕೂತರು. ಹೊರಗಿಂದ ಎಲ್ಲರೂ ಕಿರುಚಿದೆವು: "ಇಳೀರಿ! ಚೀಲದಲ್ಲಿ ಬಾಂಬೈತೆ!"

ಅವರು ನೆಟ್ಟಗೆ ಹಿಂದೆ ಹೋಗಿ ಚೀಲ ಎದೆಗವಚಿಕೊಂಡು ಬಾಗಿಲಿಗೆ ಬಂದರು. "ಮೊಟ್ಟೆ ಕಣ್ರೋ! ತಾಯಿಕೋಳೀನ ಮುಂಗುಸಿ ಹಿಡೀತು. ತಂಗಿ ಮನೇಲಿ ಕಾವು ಕೂತಿರೋ ಕೋಳಿ ಐತೆ, ಅದ್ರಡೀಲಿ ಇಡಾಣ ಅಂತ ಹೊಂಟೀನಿ. ಮರಿ ಹೊರಗೆ ಬರಾಕೆ ಮುಂಚೆ ಒಳಗಿಂದ ಕುಟ್ತವೆ, ಚಿಂವ್ ಅಂತವೆ. ಇಷ್ಟೂ ತಿಳಿಯಲ್ವಾ? ಇಷ್ಟು ಜನದಲ್ಲಿ ಕೋಳಿ ವಿಷಯ ಗೊತ್ತಿರೋನು ಒಬ್ಬನೂ ಇರ್ಲಿಲ್ವಾ?"

ಕಂಡಕ್ಟರ್ ನನ್ನನ್ನು ಗುರುತು ಹಿಡಿದಿದ್ದ. ಕೈ ಎತ್ತಿ ಹುಣಸೆಮರದ ಕಡೆ ತೋರಿಸಿದ.

"ಅವ್ರೆ ಕಣಕ್ಕಾ. ಎಲ್ಲಾರಿಗಿಂತ ಮುಂದೆ ಓಡಿದ್ದು ಅವ್ರೇ."