ಮುತ್ಯಾ ಕೇಳಿದ ಎರಡು ಸೀಟು

ಜೀಪು ಕೆಸರಿನಲ್ಲಿ ಸಿಕ್ಕಿದ ಕಥೆ ಹೇಳಿದರೆ ಎಲ್ಲರೂ ನಗುತ್ತಾರೆ. ಸಿಕ್ಕಾಗ ಮಾತ್ರ ಯಾರೂ ನಗುವುದಿಲ್ಲ. ನನಗೆ ಇಂಥವು ಒಂದರ ಹಿಂದೊಂದು ಆಗುತ್ತಲೇ ಇದ್ದವು, ಯಾಕೆಂದರೆ ನಾನು ಓಡಿಸುತ್ತಿದ್ದದ್ದು ರಸ್ತೆ ಅಳೆಯುವ ಇಂಜಿನಿಯರ್ ಸಾಹೇಬರ ಜೀಪು. ರಸ್ತೆ ಇರುವಲ್ಲಿ ಅವರಿಗೆ ಕೆಲಸವಿಲ್ಲ. ಎಲ್ಲಿ ರಸ್ತೆ ಇಲ್ಲವೋ ಅಲ್ಲಿಗೇ ನಾವು ಹೋಗಬೇಕು, ಅದೂ ಜೀಪಿನಲ್ಲೇ ಹೋಗಬೇಕು.

ಹೈದರಾಬಾದಿನ ಪೋಲೀಸ್ ಆ್ಯಕ್ಷನ್ನಿಗೆ ಮೊದಲು ನಾನು ಶಹಾಬಾದಿನಲ್ಲಿ ಕಲ್ಲಿನ ಲಾರಿ ಹೊಡೆಯುತ್ತಿದ್ದೆ. ಆಮೇಲೆ ಸರ್ಕಾರಿ ನೌಕರಿ ಸಿಕ್ಕಿತು. ಜೀಪು ಲಡಾಯಿಯಲ್ಲಿ ದುಡಿದು ಮುದಿಯಾದದ್ದು. ವಾಡಿ ಸ್ಟೇಷನ್ನಿನಲ್ಲಿ ಅದನ್ನು ಗೂಡ್ಸ್ ಗಾಡಿಯಿಂದ ಇಳಿಸಿಕೊಂಡು ಚಿತ್ತಾಪುರದ ಆಫೀಸಿಗೆ ತಂದ ದಿನ ನನ್ನ ಎದೆ ಉಬ್ಬಿತು. ಆ ಉಬ್ಬು ಇಳಿಯಲು ನಾಲ್ಕು ವರ್ಷ ಬೇಕಾಯಿತು. ಇಳಿದದ್ದು ಹೇಗೆ ಎಂದು ಹೇಳುತ್ತೇನೆ. ನಗು ಬಂದರೆ ನಗಿರಿ. ನನಗೆ ಮಾತ್ರ ಈಗಲೂ ಒಂದು ಕಡೆ ಚುಚ್ಚುತ್ತದೆ.

ಕೊಡ್ಲಿಯ ಹಾರ

ನಮ್ಮ ಜೀಪಿನ ಸ್ಟಿಯರಿಂಗು ಎಡಗಡೆ. ಪರದೇಶದ ಗಾಡಿ ಎಂದರೆ ಹಾಗೆ. ನಾನು ಎಡಕ್ಕೆ, ಸಾಹೇಬರು ಬಲಕ್ಕೆ. ಆದರೆ ನಮ್ಮ ಕಡೆಯ ಜನ ನೋಡಿದ ಲಾರಿ, ಬಸ್ಸುಗಳಲ್ಲೆಲ್ಲ ಡ್ರೈವರ್ ಕೂರುವುದು ಬಲಗಡೆ. ಬಲಗಡೆ ಕೂತವನು ಡ್ರೈವರ್, ಎಡಗಡೆ ಕೂತವನು ದೊಡ್ಡ ಮನುಷ್ಯ. ಕೈಯಲ್ಲಿ ಚಕ್ರ ಇದೆಯೋ ಇಲ್ಲವೋ ಎಂದು ಯಾರು ಬಗ್ಗಿ ನೋಡುತ್ತಾರೆ?

ಮೊದಲ ಸಲ ಕೊಡ್ಲಿಗೆ ಹೋದಾಗ ಊರಿನವರು ಹಾರ ಹಿಡಿದು ನಿಂತಿದ್ದರು. ಜೀಪು ನಿಂತದ್ದೇ ತಡ, ಸೀದಾ ನನ್ನ ಕಡೆಗೆ ಬಂದು ಕೊರಳಿಗೆ ಹಾಕಿಬಿಟ್ಟರು. "ಬರ್ರಿ ಸಾಹೇಬ್ರ, ಹಾದ್ಯಾಗ ಭಾಳ ತ್ರಾಸ ಆತೇನ್ರಿ?" ಎಂದು ಕೈ ಹಿಡಿದು ಕರೆದುಕೊಂಡು ಹೋದರು. ಸಾಹೇಬರ ಕಡೆ ತಿರುಗಿದ ಒಬ್ಬ ಹಿರಿಯ, "ನೀ ಗಾಡಿ ಆ ಗಿಡದ ನೆಳ್ಳಾಗ ಹಚ್ಚಪಾ, ಆಮ್ಯಾಲ ನಿನಗೂ ಚಾ ಕೊಡ್ತೀವಿ" ಎಂದ.

ಸಾಹೇಬರು ಹೈದರಾಬಾದಿನವರು, ನಿಧಾನಸ್ಥರು. ತಪ್ಪನ್ನು ತಿದ್ದುವುದು ನನ್ನ ಕೆಲಸವಾಗಿತ್ತು. ತಿದ್ದಲಿಲ್ಲ. ಹಾರದ ಹೂವು ಕೊರಳಿಗೆ ತಂಪಾಗಿತ್ತು, ಮುಂದೆ ಉಪ್ಪಿಟ್ಟಿನ ತಾಟು ಬಂದಿತ್ತು. ಎರಡನೇ ಸಲ ನೀಡಿಸಿಕೊಂಡ ಮೇಲೆ ನಿಜ ಹೇಳಿದೆ. ಹಿರಿಯ ಗಾಬರಿಯಾಗಿ ಹೊರಗೆ ಓಡಿದ. ಸಾಹೇಬರು ಗಿಡದ ನೆರಳಿನಲ್ಲಿ ಚಹಾ ಕುಡಿಯುತ್ತಾ, "ನೆಳ್ಳು ಚೊಲೋ ಅದ, ಆದ್ರ ಗಾಡಿ ಹಚ್ಚಲಿಕ್ಕ ನನಗ ಬರಲ್ರಿ" ಎಂದರು.

ಕಾಗಿಣಾದಲ್ಲಿ

ಜೀಪಿಗೆ ನಾಲ್ಕೂ ಚಕ್ರ ಎಳೆಯುವ ಗೇರು ಇತ್ತು. ಆ ಗೇರು ಹಾಕಿದರೆ ಹೊಳೆ, ಗುಡ್ಡ ಯಾವುದೂ ಲೆಕ್ಕವಿಲ್ಲ ಎಂದು ನಾನು ಕಂಡಕಂಡವರ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ. ದಂಡೋತಿಯಲ್ಲಿ ಕಾಗಿಣಾ ಹೊಳೆ ದಾಟುವಾಗ ಸಾಹೇಬರು, "ನೀರು ಎಷ್ಟದ ಅಂತ ಯಾರಿಗಾದ್ರೂ ಕೇಳೋಣೇನು?" ಎಂದರು. "ಕೇಳೂದೇನದರಿ ಸಾಹೇಬ್ರ" ಎಂದು ನಾನು ಗೇರು ಹಾಕಿದೆ.

ನಟ್ಟನಡುವೆ ಎಂಜಿನ್ನು ಎರಡು ಸಲ ಕೆಮ್ಮಿ ಸುಮ್ಮನಾಯಿತು. ನೀರು ಸೀಟಿನ ಮೇಲೆ ಬಂತು. ಸಾಹೇಬರು ನಕ್ಷೆಗಳನ್ನು ತಲೆಯ ಮೇಲೆ ಹೊತ್ತು ಬಾನೆಟ್ಟಿನ ಮೇಲೆ ಕೂತರು. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಅಗಸ ಕೈ ನಿಲ್ಲಿಸಿ ಬಹಳ ಹೊತ್ತು ನಮ್ಮನ್ನೇ ನೋಡಿದ. ಕೊನೆಗೆ ಕೂಗಿ ಹೇಳಿದ, "ಗಾಡಿ ತೊಳೀಲಿಕ್ಕ ಅಷ್ಟು ನಡಕ್ಕ ಯಾಕ ಒಯ್ದ್ರಿ? ದಂಡ್ಯಾಗೇ ತೊಳೀಬೌದಿತ್ತಲ್ಲ."

ಎತ್ತಿನ ಮುತ್ಯಾ

ಐನಾಪುರ ದಾಟಿ ಚಿಂಚೋಳಿ ಕಡೆಯ ಗುಡ್ಡ ಹತ್ತುವ ಮೊದಲು ಒಂದು ಎರೆಮಣ್ಣಿನ ಪಟ್ಟಿ ಇತ್ತು. ಒಣಗಿದ್ದಾಗ ಕಲ್ಲಿನಂತೆ ಗಟ್ಟಿ. ನಾಲ್ಕು ಹನಿ ಬಿದ್ದರೆ ಜೀಪು ಹೊಟ್ಟೆ ಊರಿ ಕೂರುತ್ತಿತ್ತು. ಪಕ್ಕದ ಹೊಲದ ಮುದುಕ ತನ್ನ ಜೋಡೆತ್ತು ಹೊಡೆದುಕೊಂಡು ಬಂದು, ಹಗ್ಗ ಕಟ್ಟಿ, ಒಂದು ಮಾತೂ ಆಡದೆ ಎಳೆದು ಹಾಕುತ್ತಿದ್ದ. ನಮ್ಮ ಕಡೆ ಅಜ್ಜನಿಗೆ ಹೇಳುವಂತೆ ನಾವು ಅವನನ್ನು ಮುತ್ಯಾ ಎನ್ನುತ್ತಿದ್ದೆವು.

ನಾಲ್ಕು ವರ್ಷದಲ್ಲಿ ಅವನು ನಮ್ಮನ್ನು ಎಷ್ಟು ಸಲ ಎಳೆದನೋ ನೆನಪಿಲ್ಲ. ಬದಲಿಗೆ ಏನೂ ತೆಗೆದುಕೊಳ್ಳಲಿಲ್ಲ. ಆದರೆ ಮೊದಲ ಸಲವೇ, ಸಾಹೇಬರು ದೂರದಲ್ಲಿ ಶೂ ತೊಳೆದುಕೊಳ್ಳುತ್ತಿದ್ದಾಗ, ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಡ್ರೈವರ್ ಸಾಬ್ರ, ಮ್ಯಾಲಿನ ಊರಾಗ ನನ್ನ ಮಗಳು ಇದ್ದಾಳ್ರಿ. ಲಗ್ನದಾಗ ಬೀಗರು ನನ್ನ ಬಂಡಿ ನೋಡಿ ನಕ್ರು. ಹಳೇ ಬಂಡ್ಯಾಗ ಬಂದಾನ ಅಂದ್ರು. ಒಮ್ಮಿ ಈ ಜೀಪಿನ್ಯಾಗ ಒಯ್ದು ಅವರ ಮನಿ ಮುಂದ ಇಳಸ್ರಿ. ಎರಡ ಸೀಟು. ನಾ ಒಬ್ಬ, ನನ್ನ ಹೆಂಡ್ತಿ ಒಬ್ಬಾಕಿ."

ನಾನು ಮೀಸೆ ತೀಡಿಕೊಂಡು, "ಸರ್ಕಾರಿ ಗಾಡಿ ಮುತ್ಯಾ. ಕಾನೂನು ಇಲ್ಲ" ಎಂದೆ.

ಅಂಥ ಕಾನೂನು ನನಗೆ ಯಾರೂ ತೋರಿಸಿರಲಿಲ್ಲ. ಸಾಹೇಬರನ್ನು ಒಂದು ಮಾತು ಕೇಳಲೂ ಇಲ್ಲ. ಕೆಸರು ಮೆತ್ತಿದ ಧೋತರ ನನ್ನ ಹಸಿರು ಸೀಟಿನ ಮೇಲೆ ಕೂರುವುದು ನನಗೆ ಬೇಡವಾಗಿತ್ತು, ಅಷ್ಟೇ. ಮುತ್ಯಾ ತಲೆ ಆಡಿಸಿ, "ಕಾನೂನು ಇಲ್ಲಂದ್ರ ಇಲ್ಲಬಿಡ್ರಿ. ಮತ್ತ ಯಾವಾಗ ಸಿಗಬೀಳ್ತೀರಿ?" ಎಂದು ಕೇಳಿದ. ಎತ್ತಿಗೆ ಮೇವು ಹಾಕುವ ಹೊತ್ತು ನೋಡಿಕೊಳ್ಳಬೇಕಲ್ಲ, ಅದಕ್ಕೆ.

ಬಿತ್ತಿದ ಕಲ್ಲು

ಪ್ರತಿ ಸಲ ಎತ್ತುಗಳ ಹಿಂದೆ ಜೀಪು ಹೋಗುವುದು ನನಗೆ ನಾಚಿಕೆ ತಂದಿತು. ಒಂದು ಮಳೆಗಾಲ ಶಹಾಬಾದಿ ಕಲ್ಲಿನ ಎರಡು ಚಪ್ಪಡಿ ಹೇರಿಕೊಂಡು ಹೋದೆ. ಚಕ್ರ ಹೂತರೆ ಕೆಳಗೆ ಚಪ್ಪಡಿ ಕೊಟ್ಟು ಹತ್ತಿಸುವುದು, ಮುತ್ಯಾನ ಹಂಗು ಬೇಡ ಎಂದು ನನ್ನ ಯೋಚನೆ. ಅವನ ಹಂಗಿಲ್ಲದಿದ್ದರೆ ಸೀಟಿನ ಮಾತೂ ಬರುವುದಿಲ್ಲ ಎಂಬ ಲೆಕ್ಕವೂ ಒಳಗೆ ಇತ್ತು.

ಚಕ್ರ ಹೂತಿತು. ಚಪ್ಪಡಿ ಕೊಟ್ಟೆ. ಚಪ್ಪಡಿಯೂ ಹೂತಿತು. ಇನ್ನೊಂದು ಕೊಟ್ಟೆ. ಅದು ಮೊದಲಿನದನ್ನು ಹುಡುಕಿಕೊಂಡು ಹೋಯಿತು. ಮುತ್ಯಾ ಎತ್ತು ಕಟ್ಟಿಕೊಂಡು ಬಂದ. ಜೀಪು ಬಂತು, ಕಲ್ಲು ಬರಲಿಲ್ಲ.

ಮರುವರ್ಷ ಹೋದಾಗ ಮುತ್ಯಾನ ಗುಡಿಸಲ ಮುಂದೆ ಎರಡು ಅಂದವಾದ ಚಪ್ಪಡಿ. ಒಂದು ಹೊಸ್ತಿಲಿಗೆ, ಒಂದು ಬಟ್ಟೆ ಒಗೆಯಲಿಕ್ಕೆ. ಬೇಸಿಗೆಯಲ್ಲಿ ಆ ಪಟ್ಟಿಯನ್ನೂ ಸೇರಿಸಿ ಉತ್ತಾಗ ನೇಗಿಲಿಗೆ ಸಿಕ್ಕಿದವಂತೆ. ಬಟ್ಟೆ ಕುಕ್ಕುತ್ತಿದ್ದ ಅವನ ಹೆಂಡತಿ, ನಾವೆಲ್ಲ ಆಯಿ ಎನ್ನುತ್ತಿದ್ದ ಮುದುಕಿ, ನನ್ನ ಮುಖ ನೋಡಿ ನಕ್ಕಳು. "ನೀವು ಹ್ವಾದ ವರ್ಷ ಕಲ್ಲು ಬಿತ್ತಿ ಹ್ವಾದ್ರಿ. ನಮಗ ಪೀಕು ಚೊಲೋ ಬಂತು" ಎಂದಳು.

ಹೊರಡುವಾಗ, ಸಾಹೇಬರು ಇನ್ನೂ ದೂರದಲ್ಲಿದ್ದಾಗ, ಆಯಿ ಜೀಪಿನ ಹಿಂದಿನ ಸೀಟನ್ನು ಒದ್ದೆ ಕೈಯಿಂದ ಒಮ್ಮೆ ಮುಟ್ಟಿ ನೋಡಿದಳು. "ನಾ ಹಿಂದ ಕುಂದರ್ತೀನ್ರಿ. ಅಂವ ಮುಂದ ಕುಂದರ್ಲಿ, ಬೀಗರಿಗಿ ಕಾಣಲಿ. ನನ್ನ ಮಗಳು ನೋಡಿದ್ರ ಸಾಕು ನನಗ." ಸೀಟಿನ ಮೇಲೆ ಸಾಹೇಬರ ಕೊಡೆ ಮತ್ತು ಅಳತೆಯ ಸರಪಳಿ ಬಿಟ್ಟರೆ ಏನೂ ಇರಲಿಲ್ಲ. ನಾನು ಮತ್ತೆ ಕಾನೂನು ಹೇಳಿದೆ. ಆಕೆ ಮುಟ್ಟಿದ ಜಾಗವನ್ನು ಬಟ್ಟೆಯಿಂದ ಒರೆಸಿದೆ ಕೂಡ. ಅದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಆಲಿಕಲ್ಲಿನ ಗುಡ್ಡ

ನಾಲ್ಕನೇ ವರ್ಷ, ಯುಗಾದಿ ಕಳೆದ ಮೇಲೆ, ಒಂದು ಮಧ್ಯಾಹ್ನ. ಮುಗಿಲು ಕಪ್ಪಾಗಿತ್ತು. ಸೇಡಮಿನಿಂದ ಬರುತ್ತಾ ಎರೆ ಪಟ್ಟಿಯನ್ನು ನಾವು ಹೇಗೋ ಸಿಕ್ಕಿಕೊಳ್ಳದೆ ದಾಟಿದೆವು. ಮುತ್ಯಾ ಬೇವಿನ ಗಿಡದ ಬುಡದಲ್ಲಿ ನಿಂತಿದ್ದ. ಈ ಸಲ ಸಾಹೇಬರು ಪಕ್ಕದಲ್ಲೇ ಇದ್ದರೂ ಕೇಳಿಬಿಟ್ಟ.

"ಡ್ರೈವರ್ ಸಾಬ್ರ, ಈಗರೆ ಒಯ್ತೀರೇನು? ಒಂದ ಸೀಟು ಸಾಕು."

"ಒಂದ್ಯಾಕ? ಆಯಿ ಬರಲ್ಲೇನು?" ಎಂದೆ ನಾನು.

"ಆಕಿ ಹೋಗಿ ಆರು ತಿಂಗಳಾತ್ರಿ" ಎಂದ, ಮಳೆಯ ಸುದ್ದಿ ಹೇಳಿದಂತೆ.

ಸಾಹೇಬರು ಏನು ಸೀಟು, ಯಾವ ಆಯಿ ಎಂದು ವಿಚಾರಿಸಿದರು. ಮುತ್ಯಾ ಎಲ್ಲ ಹೇಳಿ, "ಕಾನೂನು ಇಲ್ಲಂತಲ್ರಿ" ಎಂದು ಮುಗಿಸಿದ. ಸಾಹೇಬರು ನನ್ನ ಕಡೆ ತಿರುಗಿದರು. "ಕೌನ್ಸಾ ಕಾನೂನ್ ರೇ? ನಾಕು ವರ್ಷ ಹಿಂದಿನ ಸೀಟಿನ್ಯಾಗ ನನ್ನ ಕೊಡೆ ಕುಂತದ." ನಾನು ಗೇರಿನ ಗುಂಡನ್ನು ಬಹಳ ಲಕ್ಷ್ಯವಿಟ್ಟು ನೋಡತೊಡಗಿದೆ. ಸಾಹೇಬರು ಇಳಿದು ಕೊಡೆಯ ಪಕ್ಕದಲ್ಲಿ ಕೂತರು. ಮುತ್ಯಾನನ್ನು ಮುಂದೆ, ಬಲಗಡೆ ಕೂರಿಸಿದರು.

ಅರ್ಧ ಗುಡ್ಡ ಹತ್ತುವಷ್ಟರಲ್ಲಿ ಆಲಿಕಲ್ಲು ಸುರಿಯಿತು. ಮೇಲಿನ ಕ್ಯಾನ್ವಾಸು ಹರಿಯುತ್ತದೇನೋ ಎನ್ನುವಷ್ಟು ಹೊಡೆತ. ಹತ್ತು ನಿಮಿಷದಲ್ಲಿ ದಾರಿ ಕಣದಲ್ಲಿ ಬಿಳಿಜೋಳ ಹರವಿದ ಹಾಗೆ ಬೆಳ್ಳಗಾಯಿತು. ಕಲ್ಲು, ತಗ್ಗು ಒಂದೂ ಕಾಣದು. ಜೀಪು ಒಂದು ಮೊಳ ಮುಂದೆ ಹೋಗಿ ಎರಡು ಮೊಳ ಹಿಂದೆ ಜಾರಿತು. ಎಡಕ್ಕೆ ಕೊರಕಲು. ನನ್ನ ನಾಲ್ಕು ಚಕ್ರದ ಗೇರು ನಾಲ್ಕೂ ಚಕ್ರವನ್ನು ಇದ್ದಲ್ಲೇ ತಿರುಗಿಸಿತು.

ಸಾಹೇಬರು ಓದಿದವರು. ಹಿಮ ಬೀಳುವ ಗುಡ್ಡಗಳಲ್ಲಿ ದಂಡಿನವರು ಚಕ್ರಕ್ಕೆ ಸರಪಳಿ ಸುತ್ತುತ್ತಾರೆ ಎಂದರು. ನಮ್ಮ ಹತ್ತಿರ ಸರಪಳಿ ಎಲ್ಲಿದೆ ಎಂದೆ. ಅವರು ಅಳತೆಯ ಸರಪಳಿ ತೋರಿಸಿದರು. ಸುತ್ತಿದೆವು. ಚಕ್ರ ಎರಡು ಸುತ್ತು ತಿರುಗಿತು, ಸರಪಳಿ ಮೂರು ತುಂಡಾಯಿತು. ತಂತಿ ಕಟ್ಟಿ ಉದ್ದವಾದ ಆ ಸರಪಳಿಯಿಂದಲೇ ಆಮೇಲೆ ಅಳೆದ ದಾರಿಗಳಲ್ಲಿ ನಡೆದವರು ಊರು ಮೈಲಿಗಲ್ಲು ಹೇಳಿದ್ದಕ್ಕಿಂತ ದೂರ ಯಾಕಾಯಿತು ಎಂದು ಕೇಳಿದರೆ, ಕಾರಣ ಇದು.

ಇನ್ನು ನೂಕುವುದೊಂದೇ ದಾರಿ. "ಮುತ್ಯಾ, ಇಳಿ, ಭಾರ ಕಡಿಮಿ ಆಗ್ಲಿ" ಎಂದೆ. ಅವನು ಅಲ್ಲಾಡಲಿಲ್ಲ.

"ಹ್ಯಾಂಗ ಇಳೀಲ್ರಿ? ಚಪ್ಪಲಿ ಇಲ್ಲ. ಆ ಬೇವಿನ ಗಿಡದ ಬುಡದಾಗ ಬಿಟ್ಟು ಬಂದೀನಿ."

"ಯಾಕ ಬಿಟ್ಟಿ?"

"ಇನ್ನೊಬ್ರ ಜಾಗಾದಾಗ ಚಪ್ಪಲಿ ಹಾಕ್ಕೊಂಡು ಒಳಗ ಬರ್ತಾರೇನ್ರಿ ಯಾರರೆ?"

ನಾನು ನಾಲ್ಕು ವರ್ಷ ಕೆಸರಾಗುತ್ತದೆ ಎಂದು ಕಾಪಾಡಿದ ಜೀಪಿನಲ್ಲಿ ಅವನು ಬರಿಗಾಲಿನಲ್ಲಿ ಕೂತಿದ್ದ. ಪಾದಗಳನ್ನು ತೊಳೆದುಕೊಂಡೂ ಬಂದಿದ್ದ.

ಸಾಹೇಬರು ಕೋಟು ಕಳಚಿ ಹಿಂದಿನಿಂದ ನೂಕತೊಡಗಿದರು. ಚಕ್ರದ ಕೆಸರೆಲ್ಲ ಅವರ ಮುಖಕ್ಕೆ. ಅಷ್ಟರಲ್ಲಿ ಎಂಜಿನ್ನಿನ ಸದ್ದು ಕೇಳಿ ಮೇಲಿನ ಊರಿನ ಮಂದಿ ಗೋಣಿ ಹೊದ್ದುಕೊಂಡು ಇಳಿದು ಬಂದರು. ಎಲ್ಲರಿಗಿಂತ ಮುಂದೆ ಬಂದವರು ಮುತ್ಯಾನ ಬೀಗರೇ. ಬಲಗಡೆ ಯಾರು ಕೂತಿದ್ದಾರೆ ಎಂದು ಬಗ್ಗಿ ನೋಡಿ, ಅಲ್ಲೇ ನಿಂತುಬಿಟ್ಟರು.

"ಬೀಗರ, ನೀವೇನ್ರಿ? ಜೀಪು ಹೊಡೀಲಿಕ್ಕ ಯಾವಾಗ ಕಲ್ತ್ರಿ?"

ನಾನು ಚಕ್ರ ಹಿಡಿದು ಎಡಗಡೆ ಕೂತಿದ್ದೆ. ಕೊಡ್ಲಿಯಲ್ಲಿ ಹಾರ ಹಾಕಿಸಿಕೊಂಡ ಕೊರಳು ನನ್ನದು. ಈ ಸಲವೂ ತಿದ್ದಲಿಲ್ಲ. ಮುತ್ಯಾ ನನ್ನನ್ನು ಒಮ್ಮೆ ನೋಡಿದ. ನಾನು ಹೂಂ ಎಂದು ತಲೆ ಆಡಿಸಿದೆ. ಆಗ ಅವನು ರುಮಾಲು ಸರಿಮಾಡಿಕೊಂಡ.

"ಎತ್ತು ಹೊಡೆದ ಕೈಗೆ ಇದೇನ್ ದೊಡ್ಡದ್ರಿ ಬೀಗರ. ಆಣಿಕಲ್ಲು ಬಿದ್ದಾವ, ಅದಕ್ಕ ಜರಾ ನಿಂತದ. ಒಂದಿಷ್ಟು ಕೈ ಹಚ್ಚರಿ."

ಬೀಗರು ಸೊಂಟ ಕಟ್ಟಿ, ಹಿಂದೆ ಸಾಹೇಬರ ಪಕ್ಕದಲ್ಲಿ ಹೆಗಲು ಕೊಟ್ಟರು. ಮುಖದ ತುಂಬ ಕೆಸರು ಮೆತ್ತಿಕೊಂಡಿದ್ದ ಸಾಹೇಬರಿಗೆ, "ಕ್ಲೀನರಾ, ಹಂಗ ಅಲ್ಲಪಾ, ಇನ್ನಾ ಕೆಳಗ ಹಿಡಿ" ಎಂದು ಕಲಿಸಿಯೂ ಕೊಟ್ಟರು. ಸಾಹೇಬರು, "ಹೌದ್ರಿ" ಎಂದು ಕೆಳಗೆ ಹಿಡಿದರು. ಹೀಗೆ ಹತ್ತು ಮಂದಿ ನೂಕಿ, ಮುತ್ಯಾನನ್ನು ಬೀಗರ ಮನೆಯ ಬಾಗಿಲಿಗೇ ತಂದರು. ಎಂಜಿನ್ನು ಬಂದ್ ಆಗಿ ಬಹಳ ಹೊತ್ತಾಗಿತ್ತು.

ಮಗಳು ಓಡಿ ಬಂದಳು. ಮುತ್ಯಾ ಇನ್ನೂ ಇಳಿಯಲಿಲ್ಲ, ಬೀಗರು ತಮ್ಮ ಚಪ್ಪಲಿ ಬಿಟ್ಟು ಅವನ ಕಾಲ ಹತ್ತಿರ ಇಡುವ ತನಕ. ಆಮೇಲೆ ಇಳಿದು, ಹಿಂದಿನ ಸೀಟಿನ ಕಡೆ ತಿರುಗಿ ನೋಡಿದ. ಅಲ್ಲಿ ಕೊಡೆ ಇತ್ತು. ಬೀಗರು ಬಗ್ಗಿ ಮೊಣಕಾಲು ಹಿಡಿದುಕೊಂಡು ಏದುಸಿರು ಬಿಡುತ್ತಿದ್ದರು. ಮುತ್ಯಾ ಮಗಳಿಗೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ನಿಮ್ಮವ್ವ ಬರಲಿಲ್ಲ, ಚೊಲೋನ ಆತವ್ವಾ. ಆಕಿ ಹಿಂದ ಕುಂತಿದ್ರ ಬೀಗರಿಗಿ ಇನ್ನಾ ಭಾರ ಆಗ್ತಿತ್ತು."

ಎಲ್ಲರೂ ನಕ್ಕರು. ಬೀಗರು ನಕ್ಕರು, ಸಾಹೇಬರು ನಕ್ಕರು, ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳೋ ಅತ್ತಳೋ ತಿಳಿಯಲಿಲ್ಲ. ನಾನೂ ನಕ್ಕೆ. ನಗುತ್ತಾ ಕೈ ಹಿಂದೆ ಚಾಚಿ ಆ ಕೊಡೆಯನ್ನು ಸೀಟಿನಿಂದ ತೆಗೆದು ಕೆಳಗಿಟ್ಟೆ, ನಾಲ್ಕು ವರ್ಷ ತಡವಾಗಿ.