ಶಿವಪ್ರಕಾಶ್ ಮೇಷ್ಟ್ರ ಹಲ್ಲುನೋವು

ಶಿವಪ್ರಕಾಶ್ ಮೇಷ್ಟ್ರ ಎಡಗಡೆ ಕೆಳದವಡೆಯ ಕೊನೆಯ ಹಲ್ಲಿಗೆ ಏನೂ ಆಗಿರಲಿಲ್ಲ. ಆ ಭಾನುವಾರದ ರಾದ್ಧಾಂತಕ್ಕೆಲ್ಲ ಅದೇ ಕಾರಣ.

ನಿಜವಾಗಿ ನೋವಿದ್ದಿದ್ದರೆ ಯಾರಿಗೆ ಬೇಕಾದರೂ ತೋರಿಸಬಹುದಿತ್ತು. ಆದರೆ ಜೂನ್ ತಿಂಗಳಿಂದ ಈಚೆಗೆ ಮೇಷ್ಟ್ರು ಐದು ಭಾನುವಾರ ಮೈಸೂರಿಗೆ ಹೋಗಿದ್ದು ಹಲ್ಲಿನ ರೂಟ್ ಕೆನಾಲಿಗಲ್ಲ. ಇಸ್ಪೀಟಿಗೂ ಅಲ್ಲ, ಅದಾಗಿದ್ದರೆ ಒಂದಿಷ್ಟಾದರೂ ಮರ್ಯಾದೆ ಉಳಿಯುತ್ತಿತ್ತು. ಅವರು ಹೋಗುತ್ತಿದ್ದದ್ದು ‘ಅಷ್ಟಲೋಕ’ ಅನ್ನುವ ಕಾರ್ಡಿನ ಆಟದ ಪಂದ್ಯಗಳಿಗೆ. ಒಬ್ಬೊಬ್ಬರೂ ಅರವತ್ತು ಕಾರ್ಡುಗಳ ತಮ್ಮದೇ ಕಟ್ಟು ಮಾಡಿಕೊಂಡು ಬಂದು, ಅದರಲ್ಲಿರುವ ರೆಕ್ಕೆಯ ಹುಲಿ, ಮೂರು ತಲೆಯ ಹಾವು ಮುಂತಾದವನ್ನು ಎದುರಾಳಿಯ ಮೇಲೆ ಛೂ ಬಿಡುವ ಆಟ. ಆಡುವವರೆಲ್ಲ ಈಗಷ್ಟೇ ಮೀಸೆ ಮೂಡುತ್ತಿರುವ ಕಾಲೇಜಿನವರು. ಮೇಷ್ಟ್ರಿಗೆ ನಲವತ್ತಾರು.

ಗೋಣಿಕೊಪ್ಪಲಿನ ಒಂದು ಹೈಸ್ಕೂಲಿನಲ್ಲಿ ಅವರು ಗಣಿತ ಹೇಳುತ್ತಿದ್ದರು. ಎರಡು ವರ್ಷದ ಹಿಂದೆ ಒಂಬತ್ತನೇ ಕ್ಲಾಸಿನಲ್ಲಿ ಇಂಥದ್ದೊಂದು ಕಟ್ಟನ್ನು ಕಿತ್ತುಕೊಂಡರು. ಇದರಲ್ಲಿ ಅಂಥದ್ದೇನಿದೆ ಎಂದು ಸ್ಟಾಫ್ ರೂಮಿನಲ್ಲಿ ಒಂದೊಂದಾಗಿ ತಿರುಗಿಸಿ ನೋಡಿದರು. ಅಲ್ಲಿಗೆ ಮುಗಿಯಿತು. ಕಟ್ಟನ್ನು ವಾಪಸು ಕೊಡುವ ಹೊತ್ತಿಗೆ ತಮ್ಮದೇ ಒಂದನ್ನು ತರಿಸಿಕೊಂಡಿದ್ದರು. ಇಷ್ಟಾದರೂ ಈ ಜೂನಿನ ಪೋಷಕರ ಸಭೆಯಲ್ಲಿ ಎದ್ದು ನಿಂತು, “ಈ ಕಾರ್ಡುಗಳನ್ನ ಮನೆಯೊಳಗೆ ಬಿಟ್ಕೊಳ್ಳೋದೂ ಒಂದೇ, ಕಳ್ಳನ್ನ ಬಿಟ್ಕೊಳ್ಳೋದೂ ಒಂದೇ!” ಎಂದು ಮೇಜು ಕುಟ್ಟಿದ್ದರು. ಪೋಷಕರು ಚಪ್ಪಾಳೆ ತಟ್ಟಿದರು. ಹೆಡ್‌ಮಾಸ್ಟರ್ ಪರಮೇಶಪ್ಪನವರು ಶಾಲು ಹೊದಿಸಿದರು. ಮರುವಾರವೇ ಮೈಸೂರಿನಲ್ಲಿ ಮೇಷ್ಟ್ರಿಗೆ ಮೊದಲ ಬಹುಮಾನ ಬಂತು. ಆ ಶಾಲು ಬೀರುವಿನಲ್ಲಿ ಕಣ್ಣಿಗೆ ಬಿದ್ದಾಗಲೆಲ್ಲ ಅವರಿಗೆ ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿತ್ತು.

ಪಂದ್ಯದಲ್ಲಿ ಹೆಸರು ತಿರುಗಿಸಿ ‘ಪ್ರಕಾಶ್ ಶಿವ’ ಎಂದು ಬರೆಸಿದ್ದರು. ಇನ್ನು ತಮ್ಮನ್ನು ಯಾರೂ ಕಂಡುಹಿಡಿಯಲಾರರು ಎಂಬ ಧೈರ್ಯ. ಕಾರ್ಡಿನ ಕಟ್ಟನ್ನು ಬಚ್ಚಿಡಲು ಅದಕ್ಕಿಂತ ಭದ್ರವಾದ ಜಾಗ ಹುಡುಕಿದ್ದರು. ಕೊಡಗಿನ ಮಳೆಗಾಲದ ತಂಡಿಗೆ ಮಿರುಗುವ ಕಾರ್ಡುಗಳು ಹಪ್ಪಳದ ಹಾಗೆ ಸುರುಟಿಕೊಳ್ಳುತ್ತವೆ. ಸುರುಟಿದ ಕಾರ್ಡನ್ನು ಬೆನ್ನು ನೋಡಿಯೇ ಇಂಥದ್ದು ಎಂದು ಹೇಳಬಹುದಾದ್ದರಿಂದ ಪಂದ್ಯದಲ್ಲಿ ಅದನ್ನು ಮೋಸವೆಂದೇ ಎಣಿಸುತ್ತಾರೆ. ಹಾಗಾಗಿ ಮೇಷ್ಟ್ರು ಕಟ್ಟನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ತೂತು ಮಾಡಿ, ಅಡುಗೆಮನೆಯ ಅಕ್ಕಿ ಡಬ್ಬದೊಳಗೆ ಹೂತಿಡುತ್ತಿದ್ದರು. ಅಕ್ಕಿ ತೇವ ಹೀರುತ್ತದೆ. ಅಲ್ಲದೆ ಅಕ್ಕಿಯೊಳಗೆ ಕಾರ್ಡು ಹುಡುಕುವ ಹುಚ್ಚರು ಯಾರು? ತಮ್ಮ ತಲೆಯನ್ನು ತಾವೇ ಮೆಚ್ಚಿಕೊಂಡಿದ್ದರು.

ಆ ಭಾನುವಾರ ಸೀಸನ್ನಿನ ಕೊನೆಯ ಪಂದ್ಯ. ಅದೃಷ್ಟವೋ ಗ್ರಹಚಾರವೋ, ಅದು ಗೋಣಿಕೊಪ್ಪಲಿನಲ್ಲೇ, ಬೇಕರಿಯ ಮಹಡಿ ಮೇಲಿನ ಹಾಲ್‌ನಲ್ಲಿ ಇಟ್ಟುಕೊಂಡಿದ್ದರು. ಮೈಸೂರಿನ ಚೈತನ್ಯ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿಗೂ ಮೇಷ್ಟ್ರಿಗೂ ಅಂಕ ಸಮ. ಹನ್ನೊಂದು ಗಂಟೆಗೆ ಇಬ್ಬರೂ ಎದುರುಬದುರು. ಗೆದ್ದವರಿಗೆ ಹೈದರಾಬಾದಿನ ರಾಷ್ಟ್ರೀಯ ಪಂದ್ಯದಲ್ಲಿ ಜಾಗ. ಜನ್ಮದಲ್ಲಿ ಒಂದಾದರೂ ವಿಷಯದಲ್ಲಿ ದೇಶದ ಮಟ್ಟಕ್ಕೆ ಹೋಗಬೇಕು ಎಂಬ ಆಸೆ ಮೇಷ್ಟ್ರಿಗೆ ಎಷ್ಟಿತ್ತೆಂದರೆ, ನಾಲ್ಕು ದಿನದಿಂದ ಊಟ ಸೇರಿರಲಿಲ್ಲ.

ಹೆಂಡತಿ ಸರ್ವಮಂಗಳ ಸ್ನಾನಕ್ಕೆ ಹೋದ ಸಮಯ ನೋಡಿ ಅಕ್ಕಿ ಡಬ್ಬಕ್ಕೆ ಕೈ ಹಾಕಿ, ಕಟ್ಟನ್ನು ಚೀಲಕ್ಕೆ ಸೇರಿಸಿ, ಮೇಷ್ಟ್ರು ಅಂಗಳಕ್ಕೆ ಇಳಿದರು. ಬೇಲಿಯಾಚೆ ಪಕ್ಕದ ಮನೆಯ ಪೂವಮ್ಮ ನಿಂತಿದ್ದರು.

“ಎಂತ ಮಾಸ್ಟ್ರೇ, ಇವತ್ತೂ ಹಲ್ಲಿಗಾ?”

“ಹೂಂ ಪೂವಮ್ಮ, ಮೈಸೂರಿಗೆ. ಇದೇ ಕೊನೆ.”

“ಅಯ್ಯೋ ದೇವರೇ, ಒಂದು ಹಲ್ಲಿಗೆ ಆರು ಭಾನುವಾರವಾ! ನಮ್ಮ ಬಾವಿ ತೋಡಿದ್ದು ಮೂರೇ ದಿನದಲ್ಲಿ. ಇವರೇ, ಇಲ್ಲಿ ಬನ್ನಿ ಒಮ್ಮೆ!”

ಪೂವಮ್ಮನ ಗಂಡ ಕುಶಾಲಪ್ಪ ಜೀಪಿನ ಕೀ ತಿರುಗಿಸುತ್ತಲೇ ಹೊರಗೆ ಬಂದರು. ಕರೆಯುವುದನ್ನೇ ಕಾಯುತ್ತಿದ್ದ ಹಾಗಿತ್ತು. “ಮೈಸೂರಿಗೆ ಎಂತಕ್ಕೆ ಮಾರಾಯ್ರೆ? ಪೇಟೆಯಲ್ಲೇ ನಮ್ಮ ದೇರಪ್ಪ ಡಾಕ್ಟ್ರು ಉಂಟಲ್ಲ. ಭಾನುವಾರ ಆದ್ರೂ ನನಗೋಸ್ಕರ ಬಾಗಿಲು ತೆಗೀತಾರೆ. ಹತ್ತಿ.”

“ಬೇಡ ಕುಶಾಲಪ್ಪನೋರೇ, ಅಲ್ಲಿ ಅಪಾಯಿಂಟ್‌ಮೆಂಟ್ ಐತೆ...”

ಅಷ್ಟರಲ್ಲಿ ಸರ್ವಮಂಗಳ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಬಾಗಿಲಿಗೆ ಬಂದಳು. ಗಂಡನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. “ರೀ, ನಿಜವಾಗ್ಲೂ ನೋವೈತಾ? ಇಲ್ಲ ಅಂದ್ರೆ ಇಲ್ಲ ಅಂದ್ಬಿಡಿ. ಯಾರೂ ಏನೂ ಅನ್ಕೊಳ್ಳಲ್ಲ.”

ಆಗ ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಮೂರು ಜನರ ಆರು ಕಣ್ಣುಗಳ ಎದುರು, ರೆಕ್ಕೆಯ ಹುಲಿ ಆಡಲು ಹೋಗುತ್ತಿದ್ದೇನೆ ಎಂದು ಯಾವ ಬಾಯಲ್ಲಿ ಹೇಳುವುದು?

“ಐತೆ ಕಣೇ. ಸಿಕ್ಕಾಪಟ್ಟೆ,” ಎಂದು ಕೆನ್ನೆ ಹಿಡಿದುಕೊಂಡು ಜೀಪು ಹತ್ತಿದರು.

ದೇರಪ್ಪ ಡಾಕ್ಟರು ಕ್ಷ-ಕಿರಣದ ಚಿತ್ರವನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿದರು. “ಮೇಷ್ಟ್ರೇ, ಈ ಹಲ್ಲು ಕಲ್ಲಿನ ಹಾಗಿದೆ. ರೂಟ್ ಕೆನಾಲ್ ಮಾಡಿದ ಗುರುತೇ ಇಲ್ಲ. ಐದು ವಾರ ಮೈಸೂರಿನಲ್ಲಿ ಏನು ಮಾಡಿದ್ರು?”

“ನೋಡ್ತಿದ್ರು,” ಎಂದರು ಮೇಷ್ಟ್ರು.

“ಬರೀ ನೋಡ್ತಿದ್ರಾ?”

“ಭಾಳ ಚೆನ್ನಾಗಿ ನೋಡ್ತಿದ್ರು.”

ಗೋಡೆಯ ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು. ಇನ್ನೂ ಎರಡು ಪ್ರಶ್ನೆ ಬಂದರೆ ಗುಟ್ಟು ರಟ್ಟಾಗುತ್ತದೆ, ಪಂದ್ಯವೂ ಹೋಗುತ್ತದೆ. ಮೇಷ್ಟ್ರು ಕಣ್ಣು ಮುಚ್ಚಿಕೊಂಡು, “ಕಿತ್ತಾಕ್ಬಿಡಿ ಡಾಕ್ಟ್ರೇ,” ಎಂದರು.

ಕುಶಾಲಪ್ಪ ಹೌಹಾರಿದರು. “ಮಾಸ್ಟ್ರೇ, ದುಡುಕಬೇಡಿ! ಮನಸ್ಸಲ್ಲಿ ಏನಾದ್ರೂ ಹೇಳ್ಲಿಕ್ಕೆ ಉಂಟಾ? ಇದ್ರೆ ಈಗ್ಲೇ ಹೇಳಿ. ನಾನು ಬೇಕಾದ್ರೆ ಹೊರಗೆ ನಿಲ್ತೇನೆ.”

“ಏನೂ ಇಲ್ಲ. ನೋವು ತಡಿಯಕ್ಕಾಗ್ತಿಲ್ಲ.”

“ಒಳ್ಳೇ ಹಲ್ಲು ಮೇಷ್ಟ್ರೇ, ಪಾಪ,” ಎಂದು ಡಾಕ್ಟರು ಇಕ್ಕಳ ತೋರಿಸಿಯೂ ನೋಡಿದರು. ಮೇಷ್ಟ್ರು ಗಡಿಯಾರ ನೋಡಿ ಬಾಯಿಯನ್ನು ಇನ್ನಷ್ಟು ಅಗಲಿಸಿದರು. ಕೊನೆಗೆ ಡಾಕ್ಟರು ಒಂದು ಕಾಗದದ ಮೇಲೆ ಸಹಿ ಹಾಕಿಸಿಕೊಂಡು, ಕೊನೆಯ ಹಲ್ಲಿಲ್ಲದಿದ್ದರೂ ಊಟಕ್ಕೇನೂ ತೊಂದರೆಯಿಲ್ಲ ಎಂದು ಸಮಾಧಾನ ಹೇಳಿ, ಚುಚ್ಚುಮದ್ದು ಕೊಟ್ಟರು. ಹಲ್ಲು ಹೊರಬಂದಾಗ ಕುಶಾಲಪ್ಪ ಮುಖ ಬಿಳಿಚಿಕೊಂಡು ಗೋಡೆ ಹಿಡಿದಿದ್ದರು.

ಮಾತ್ರೆ ತರುವ ನೆಪ ಹೇಳಿ ಮೇಷ್ಟ್ರು ರಸ್ತೆಗೆ ಇಳಿದವರೇ ಬೇಕರಿ ಕಡೆ ಓಡಿದರು. ಮಹಡಿ ಮೆಟ್ಟಿಲಲ್ಲಿ ಮಾಸ್ಕ್ ಕಟ್ಟಿ, ಮಂಕಿ ಕ್ಯಾಪ್ ಎಳೆದುಕೊಂಡರು. ಹಾಲ್‌ನಲ್ಲಿ ಐವತ್ತು ಜನ ಹುಡುಗ ಹುಡುಗಿಯರು. ತೀರ್ಪುಗಾರ್ತಿ ದಿವ್ಯ ಮೈಸೂರಿನಿಂದ ಬಂದಿದ್ದಳು. ಮುಖದಲ್ಲಿ ನಗುವಿಗೆ ಜಾಗವಿರಲಿಲ್ಲ. ಹನ್ನೊಂದಕ್ಕೆ ಎರಡು ನಿಮಿಷವಿತ್ತು.

ಆಟ ಶುರುವಾಯಿತು. ಮೇಷ್ಟ್ರ ತಲೆ ಗಡಿಯಾರದಂತೆ ಓಡುತ್ತಿತ್ತು, ಆದರೆ ತುಟಿ ಸತ್ತುಹೋಗಿತ್ತು. ನಿಯಮದ ಪ್ರಕಾರ ಕಾರ್ಡು ಇಳಿಸುವಾಗ ಅದರ ಹೆಸರನ್ನು ಗಟ್ಟಿಯಾಗಿ ಹೇಳಬೇಕು.

“ಹೆಹ್ಹೆಯ ಹುಹಿ,” ಎಂದರು ಮೇಷ್ಟ್ರು.

“ಅಂಕಲ್, ಏನಂದ್ರಿ?” ಎಂದ ಚೈತನ್ಯ.

“ಹೆಹ್ಹೆಯ ಹುಹಿ!”

“ಮಾಸ್ಕ್ ತೆಗೆದು ಹೇಳಿ ಸರ್,” ಎಂದಳು ದಿವ್ಯ.

ಬೇರೆ ದಾರಿ ಇರಲಿಲ್ಲ. ಮಾಸ್ಕ್ ಕೆಳಗೆ ಎಳೆದರು. ಅಷ್ಟು ಹೊತ್ತಿಗೆ ಚೈತನ್ಯನ ಕಡೆ ಉಳಿದದ್ದು ಒಂದು ಗಾಯಗೊಂಡ ಆಮೆ ಮಾತ್ರ. ಇನ್ನೊಂದೇ ಸರದಿ, ಹೈದರಾಬಾದು ಕೈಯಳತೆಯಲ್ಲಿತ್ತು. ಮೇಷ್ಟ್ರು ಜೀವವನ್ನೆಲ್ಲ ಬಾಯಿಗೆ ತಂದುಕೊಂಡು “ರೆಕ್ಕೆಯ ಹುಲಿ” ಎಂದು ಸ್ಪಷ್ಟವಾಗಿ ಕೂಗಿದರು. ಕೂಗಿದ ರಭಸಕ್ಕೆ ಬಾಯಿಯ ಹತ್ತಿ ಹಾರಿತು. ಒಂದು ಹನಿ ರಕ್ತ ಕವುಚಿಟ್ಟಿದ್ದ ಕಟ್ಟಿನ ಮೇಲಿನ ಕಾರ್ಡಿಗೆ ಬಿತ್ತು. ಗಾಬರಿಯಲ್ಲಿ ಅಂಗಿಯ ತುದಿಯಿಂದ ಒರೆಸಲು ಹೋದರು. ರಕ್ತ ಕಾರ್ಡಿಗೆ ತೊಡಿಸಿದ್ದ ಪ್ಲಾಸ್ಟಿಕ್ ಹೊದಿಕೆಯ ಸಂದಿನಲ್ಲಿ ಒಳಗಿಳಿದು ಕಾರ್ಡಿನ ಬೆನ್ನಿಗೆ ಹತ್ತಿಕೊಂಡಿತು.

ದಿವ್ಯ ಕಾರ್ಡನ್ನು ಎತ್ತಿ ನೋಡಿದಳು. “ಗುರುತು ಬಿದ್ದ ಕಾರ್ಡು ಸರ್. ಬದಲಿ ಕಾರ್ಡು ಇದೆಯಾ?”

ಇರಲಿಲ್ಲ.

“ಹಾಗಾದ್ರೆ ಸಾರಿ. ಪಂದ್ಯ ಚೈತನ್ಯಗೆ.”

ಮೇಷ್ಟ್ರಿಗೆ ಅಳು ಬಂತು. ಐವತ್ತು ಮಕ್ಕಳ ನಡುವೆ, ಅಂಗಿಗೆ ರಕ್ತ ಮೆತ್ತಿಕೊಂಡು, ಮಂಕಿ ಕ್ಯಾಪ್ ಹಾಕಿಕೊಂಡು ಕೂತ ನಲವತ್ತಾರರ ಗಣಿತದ ಮೇಷ್ಟ್ರು. ನೆಲ ಬಿರಿದು ನುಂಗಬಾರದೇ ಅನ್ನಿಸಿತು. ತಲೆ ಎತ್ತಿದರೆ ಬಾಗಿಲಲ್ಲಿ ಸರ್ವಮಂಗಳ, ಪೂವಮ್ಮ, ಕುಶಾಲಪ್ಪ.

“ಮಂಗಳಾ,” ಎಂದು ತೊದಲಿದರು, “ತಪ್ಪಾಯ್ತು. ಹಲ್ಲು ನೋವು ಸುಳ್ಳು...”

“ಗೊತ್ತು ಕಣ್ರೀ. ಜೂನಿನಿಂದ್ಲೂ ಗೊತ್ತು.”

“ಹ್ಯಾಗೆ?”

“ಅಕ್ಕಿ ಡಬ್ಬದಲ್ಲಿ ಇಟ್ಟಿದ್ರಲ್ಲ. ದಿನಾ ಅಕ್ಕಿ ಅಳೆಯೋದು ಯಾರು, ನೀವಾ? ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಒಂದಿನ ಅನ್ನಕ್ಕಿಟ್ಟಿದ್ರೆ ಗೊತ್ತಾಗಿರೋದು. ದಿನಾ ಬೆಳಗ್ಗೆ ತೆಗೆದು ಪಕ್ಕಕ್ಕಿಟ್ಟು, ಅಕ್ಕಿ ಅಳ್ಕೊಂಡು, ನೀವು ಇಟ್ಟಂಗೇ ಹೂತಿಡ್ತಿದ್ದೆ. ಇವತ್ತಿನ ಪಂದ್ಯದ ಚೀಟಿನೂ ಆ ಡಬ್ಬಿಯಲ್ಲೇ ಇತ್ತಲ್ಲ. ಅಕ್ಕಿ ಮುಗಿದ್ರೆ ನಿಮ್ಮ ಹುಲಿಗೆ ತಂಡಿ ಆದೀತು ಅಂತ, ಕಾಲು ಡಬ್ಬ ಇರೋವಾಗ್ಲೇ ತರಿಸ್ತಿದ್ದೆ.”

ಮೇಷ್ಟ್ರು ಮಂಕಿ ಕ್ಯಾಪ್ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ನಿಮ್ಮ ಬಾಯಿಂದ್ಲೇ ಬರಲಿ ಅಂತ ಕಾದೆ,” ಎಂದಳು ಸರ್ವಮಂಗಳ. ಅವಳ ಕಣ್ಣಲ್ಲೂ ನೀರಿತ್ತು. “ಇವರಿಗೆ ಹೇಳಿ ಡಾಕ್ಟ್ರ ಹತ್ರ ಕಳಿಸ್ದೆ. ಅಲ್ಲಾದ್ರೂ ನಿಜ ಹೇಳ್ತೀರಿ, ಆಮೇಲೆ ಎಲ್ಲ ಒಟ್ಟಿಗೆ ಬಂದು ನಿಮ್ಮ ಆಟ ನೋಡೋಣ ಅಂತ.”

“ಇಕ್ಕಳ ಕಂಡ ಕೂಡ್ಲೇ ಒಪ್ಕೊಳ್ತೀರಿ ಅಂತ ನಾನು ಮಾಡಿದ್ದು,” ಎಂದು ಕುಶಾಲಪ್ಪ ಹಣೆ ಚಚ್ಚಿಕೊಂಡರು. “ನೀವು ಹಲ್ಲನ್ನೇ ಕೊಟ್ರಲ್ಲ ಮಾರಾಯ್ರೆ! ಯಾರಿಗೆ ಗೊತ್ತಿತ್ತು?” ಎಂದು ಜೇಬಿನಿಂದ ಹತ್ತಿಯಲ್ಲಿ ಸುತ್ತಿದ ಹಲ್ಲನ್ನು ತೆಗೆದು ಮೇಷ್ಟ್ರ ಕೈಗಿಟ್ಟರು.

ಮೇಷ್ಟ್ರು ಹಲ್ಲನ್ನು ಹಿಡಿದುಕೊಂಡೇ, “ಇನ್ನು ಸಾಯೋವರೆಗೂ ಸುಳ್ಳು ಹೇಳಲ್ಲ,” ಎಂದು ಮಾತು ಕೊಟ್ಟರು. ಪೂವಮ್ಮ ಮೂಗು ಒರೆಸಿಕೊಂಡರು. ನಾಲ್ವರೂ ಮೆಟ್ಟಿಲಿಳಿದು ಬಂದರು.

ಬೇಕರಿಯ ಮುಂದೆ, ಕೈಯಲ್ಲಿ ಬ್ರೆಡ್ಡು ಹಿಡಿದು ಹೆಡ್‌ಮಾಸ್ಟರ್ ಪರಮೇಶಪ್ಪನವರು ನಿಂತಿದ್ದರು.

“ಓಹೋ ಮೇಷ್ಟ್ರೇ! ಮೇಲ್ಗಡೆ ಅದೇನೋ ಕಾರ್ಡಿನ ಪಂದ್ಯವಂತೆ. ನಮ್ಮ ಮಕ್ಕಳು ಯಾರಾದ್ರೂ ಸೇರ್ಕೊಂಡವ್ರಾ ಅಂತ ನೋಡೋಕೆ ಬಂದಿದ್ರಾ?”

ಸರ್ವಮಂಗಳ ಗಂಡನ ಮುಖ ನೋಡಿದಳು. ಕುಶಾಲಪ್ಪನೂ ಪೂವಮ್ಮನೂ ನೋಡಿದರು. ಮೇಷ್ಟ್ರಿಗೆ ಆ ಶಾಲು ಕಣ್ಣ ಮುಂದೆ ಬಂತು. ಕಿವಿ ಬಿಸಿಯಾಯಿತು.

“ಇಲ್ಲ ಸಾರ್. ಹಲ್ಲುನೋವು.”

ಪರಮೇಶಪ್ಪನವರು ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದರು. “ಕೈಯಾಗೇ ಐತಲ್ಲ ಹಲ್ಲು, ಕಿತ್ತಾಯ್ತಲ್ಲ. ಇನ್ಯಾವ ನೋವು?”

ಮೇಷ್ಟ್ರ ಬೆರಳು ತಾನಾಗಿಯೇ ಬಲಗೆನ್ನೆಗೆ ಹೋಯಿತು. “ಈ... ಈ ಕಡೇದು ಸಾರ್.”

ಕುಶಾಲಪ್ಪ ನಿಟ್ಟುಸಿರು ಬಿಟ್ಟು ಜೀಪಿನ ಕೀ ತೆಗೆದರು. “ಹತ್ತಿ ಮಾಸ್ಟ್ರೇ. ದೇರಪ್ಪ ಡಾಕ್ಟ್ರು ಒಂದು ಗಂಟೆವರೆಗೆ ಇರ್ತಾರೆ.”

“ನಡೀರಿ, ನಾನೂ ಬರ್ತೀನಿ,” ಎಂದು ಪರಮೇಶಪ್ಪನವರು ಬ್ರೆಡ್ಡನ್ನು ಕಂಕುಳಲ್ಲಿಟ್ಟುಕೊಂಡು ಮೇಷ್ಟ್ರ ತೋಳು ಹಿಡಿದರು. “ಕೀಳೋವಾಗ ಧೈರ್ಯಕ್ಕೆ ಪಕ್ಕದಲ್ಲಿ ಒಬ್ರು ಬೇಕಲ್ಲ.”